ಬತ್ತೆ ಸರ್ ಎಂದ ಅರವತ್ತನಾಲ್ಕು ಮಂದಿ

ಕಾಲೇಜು ಹುಡುಗರ ಮನಸ್ಸು ನನಗೆ ಚೆನ್ನಾಗಿ ಗೊತ್ತು ಎಂಬ ನಂಬಿಕೆ ಹದಿನಾರು ವರ್ಷ ಇತ್ತು. ಇದಕ್ಕೆ ಆಧಾರ ಏನೂ ಇರಲಿಲ್ಲ. ಆಧಾರವಿಲ್ಲದ ಸಂಗತಿಯನ್ನು ನಂಬಬಾರದು ಎಂದು ಹೊನ್ನಾವರದ ಕಾಲೇಜೊಂದರಲ್ಲಿ ಇತಿಹಾಸದ ಪಾಠ ಹೇಳುತ್ತಿದ್ದವನೂ ನಾನೇ. ನನ್ನ ಪಾಠವನ್ನು ಹುಡುಗರೇ ಕೇಳಿಸಿಕೊಳ್ಳುತ್ತಿರಲಿಲ್ಲ, ಇನ್ನು ನಾನು ಯಾಕೆ ಕೇಳಿಸಿಕೊಳ್ಳಲಿ?

ಬಜಾರಿನಲ್ಲಿ ಒಂದರ ಬೆನ್ನಿಗೆ ಒಂದು ಸೈಬರ್ ಕೆಫೆ ಶುರುವಾಗಿದ್ದ ಕಾಲ ಅದು. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಪ್ರಿನ್ಸಿಪಾಲರು ಕರೆಸಿ, "ಕೂತ್ಕೊಳ್ಳಿ ನಾಯ್ಕರೇ" ಎಂದರು. ನಮ್ಮ ಪ್ರಿನ್ಸಿಪಾಲರು ಯಾರಿಗೂ ಕೂತ್ಕೊಳ್ಳಿ ಎನ್ನುವವರಲ್ಲ. ನಾನು ಕುರ್ಚಿಯ ತುದಿಯಲ್ಲಿ ಕೂತೆ.

"ಬಿ.ಎ. ಮೊದಲನೇ ವರ್ಷಕ್ಕೆ ಹೋದ ಸಲ ಇತಿಹಾಸ ತಗೊಂಡವರು ಎಷ್ಟು?"

"ಹನ್ನೊಂದು ಸರ್."

"ಈಗ ಉಳಿದವರು?"

"ಒಂಬತ್ತು. ಒಬ್ಬಳಿಗೆ ಮದುವೆ ಆಯ್ತು. ಒಬ್ಬ ದುಬೈಗೆ ಹೋದ."

"ಈ ಸಲ ಇಪ್ಪತ್ತು ಆಗ್ಬೇಕು. ಆಗದಿದ್ರೆ ಆಡಳಿತ ಮಂಡಳಿಯವರು ವಿಭಾಗ ಮುಚ್ತಾರೆ. ನಿಮ್ಮನ್ನು ನಮ್ಮದೇ ಹೈಸ್ಕೂಲಿಗೆ ಕಳಿಸ್ತಾರೆ. ಎಂಟನೇ ಕ್ಲಾಸಿಗೆ ಸಮಾಜ. ಜೊತೆಗೆ ಅಲ್ಲಿ ಪಿ.ಟಿ. ಮೇಷ್ಟ್ರ ಜಾಗ ಖಾಲಿ ಇದೆ, ಅದನ್ನೂ ನೋಡ್ಕೊಳ್ಬೇಕು."

ಎಂಟನೇ ಕ್ಲಾಸಿಗೆ ನಾನು ಹೆದರಲಿಲ್ಲ. ಆದರೆ ಬಿಳಿ ಚಡ್ಡಿ ಹಾಕಿ, ಕೊರಳಿಗೆ ಸೀಟಿ ಕಟ್ಟಿಕೊಂಡು, ನನ್ನ ಈ ಹೊಟ್ಟೆಯನ್ನು ಹೊತ್ತು ಮಕ್ಕಳ ಮುಂದೆ ಕುಪ್ಪಳಿಸುವ ಚಿತ್ರ ಕಣ್ಣಿಗೆ ಬಂತು.

ಸ್ಟಾಫ್ ರೂಮಿನಲ್ಲಿ ವಾಣಿಜ್ಯ ವಿಭಾಗದ ಪ್ರಭು ಸರ್ ಸಿಕ್ಕಿದರು. ಅವರ ವಿಭಾಗದಲ್ಲಿ ಹುಡುಗರು ಕೂರಲು ಜಾಗವಿಲ್ಲದೆ ಕಿಟಕಿಯ ಮೇಲೆ ಕೂರುತ್ತಿದ್ದರು. ಅವರು ಕಾಲ ಮೇಲೆ ಕಾಲು ಹಾಕಿಕೊಂಡು ಉಪದೇಶ ಕೊಟ್ಟರು. "ಕಾಲ ಬದಲಾಯ್ತು ನಾಯ್ಕರೇ. ಹುಡುಗರೆಲ್ಲ ಈಗ ಇಂಟರ್ನೆಟ್ಟಲ್ಲೇ ಇರುದು. ಅಲ್ಲಿ ಹೋಗಿ ಅವರ ಫ್ರೆಂಡ್ ಆಗ್ಬೇಕು. ನನಗೆ ಮುನ್ನೂರು ಜನ ಫ್ರೆಂಡ್ಸ್ ಇದ್ದಾರೆ."

ಆಗ ಎಲ್ಲರ ಬಾಯಲ್ಲೂ ಇದ್ದ ಆ ಸ್ನೇಹದ ಜಾಲತಾಣದ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದು ಮುಚ್ಚಿಹೋಗಿ ಎಷ್ಟೋ ಕಾಲವಾಯಿತು. ತೀರಿಕೊಂಡವರನ್ನು ಕಥೆಗೆ ಎಳೆಯುವುದು ಸಭ್ಯತೆಯಲ್ಲ. ಅಲ್ಲದೆ ತಪ್ಪೆಲ್ಲ ನನ್ನದೇ.

ಸಂಜೆ ಮನೆಯಲ್ಲಿ ವಿಷಯ ಹೇಳಿದೆ. ನನ್ನ ಹೆಂಡತಿ ಸುಮಿತ್ರಾ ತೆಂಗಿನಕಾಯಿ ತುರಿಯುತ್ತಿದ್ದಳು. ತಲೆ ಎತ್ತದೆ ಅಂದಳು.

"ಅದಕ್ಕೆಲ್ಲ ಇಂಟರ್ನೆಟ್ ಎಂತಕ್ಕೆ? ಪಿಯುಸಿ ಮುಗಿಸಿದ ಮಕ್ಕಳ ಮನೆಗೆ ಹೋಗಿ ಒಂದು ಮಾತು ಹೇಳಿ ಬಂದ್ರೆ ಆತಲ್ಲ."

"ಉಪನ್ಯಾಸಕನಾದವ ಮನೆ ಮನೆ ತಿರುಗುದಾ? ನಿಂಗೆ ಕಾಲ ಬದಲಾದದ್ದು ಗೊತ್ತಿಲ್ಲ."

"ಹೌದು, ನಂಗೆ ಹೇಗೆ ಗೊತ್ತಾಗ್ಬೇಕು? ಹೋದ ವರ್ಷ ಕುಮಟೆ ಮದುವೆ ಹೊತ್ತಿಗೆ ಬದಲಾಗಿರ್ಲಿಲ್ಲ ಅಲ್ದಾ?"

ಈ ಕುಮಟೆ ಮದುವೆಯ ವಿಚಾರವನ್ನು ಇಲ್ಲೇ ಒಪ್ಪಿಸಿಬಿಡುತ್ತೇನೆ. ಸುಮಿತ್ರಾಳ ಚಿಕ್ಕಪ್ಪನ ಮಗ ಕುಮಟೆಯವನು. ಅವನ ಮಗಳ ಮದುವೆಗೆ ಕಾಗದವನ್ನು ಅಂಚೆಯಲ್ಲಿ ಕಳಿಸಿದ. ಅಂಚೆಯಲ್ಲಿ! ನಮ್ಮ ಕಡೆ ಕರೆಯುವುದಕ್ಕೆ ಒಂದು ಕ್ರಮ ಇದೆ. ಮನೆಗೆ ಬರಬೇಕು, ಜಗುಲಿಯಲ್ಲಿ ಕೂರಬೇಕು, ಕೊಟ್ಟ ಬೆಲ್ಲ ನೀರು ಕುಡಿಯಬೇಕು, ಮನೆಯ ಹೆಂಗಸರಿಗೆ ಕುಂಕುಮ ಕೊಡಬೇಕು, "ಮನೆಮಂದಿಯೆಲ್ಲ ಬರಬೇಕು" ಎಂದು ಬಾಯಿಬಿಟ್ಟು ಹೇಳಬೇಕು. ಹೊನ್ನಾವರಕ್ಕೂ ಕುಮಟೆಗೂ ಅರ್ಧ ಗಂಟೆಯ ದಾರಿ. ಅಷ್ಟು ದೂರ ಬರಲಾಗದವನ ಮನೆಗೆ ನಾನು ಊಟಕ್ಕೆ ಹೋಗಬೇಕೆ? "ನಾನೇನು ವಿಮೆ ಕಂತು ಕಟ್ಟದವನಾ, ಅಂಚೆಯಲ್ಲಿ ನೆನಪು ಮಾಡ್ಲಿಕ್ಕೆ?" ಎಂದು ಕೂಗಾಡಿದೆ. ನಾನೂ ಹೋಗಲಿಲ್ಲ, ಅವಳನ್ನೂ ಬಿಡಲಿಲ್ಲ. ಅವಳು ತೆಗೆದಿಟ್ಟುಕೊಂಡಿದ್ದ ಹಸಿರು ಸೀರೆ ಪೆಟ್ಟಿಗೆಗೆ ವಾಪಸ್ಸು ಹೋಯಿತು. ಅವತ್ತಿನಿಂದ ನಮ್ಮ ಮನೆಯಲ್ಲಿ ಯಾವ ಮಾತು ಶುರುವಾದರೂ ಕೊನೆಗೆ ಕುಮಟೆಗೆ ಹೋಗಿ ಮುಟ್ಟುತ್ತಿತ್ತು.

ಮರುದಿನ ಬಜಾರಿನ ಇಸ್ಮಾಯಿಲ್ ಭಾಯಿಯ ಸೈಬರಿಗೆ ಹೋದೆ. ಭಾಯಿ ಭಟ್ಕಳದವರು. ದುಬೈಯಲ್ಲಿ ಹನ್ನೆರಡು ವರ್ಷ ದುಡಿದು ಬಂದು ನಾಲ್ಕು ಕಂಪ್ಯೂಟರ್ ಹಾಕಿಕೊಂಡು ಕೂತಿದ್ದರು.

"ಸರ್, ನೀವು ಇಲ್ಲಿ? ರಿಸಲ್ಟ್ ನೋಡ್ಲಿಕ್ಕಾ?"

"ಅಲ್ಲ ಭಾಯ್. ವಿದ್ಯಾರ್ಥಿಗಳ ಜೊತೆ ಸಂಪರ್ಕ ಸಾಧಿಸ್ಲಿಕ್ಕೆ."

"ಕಾಲೇಜು ಇಲ್ಲಿಂದ ನಡಕೊಂಡು ಹೋಗುವಷ್ಟು ದೂರ ಅಲ್ವಾ ಸರ್?" ಎಂದರು ಭಾಯಿ. ನಾನು ಅದನ್ನು ತಮಾಷೆ ಎಂದು ತಿಳಿದು ನಕ್ಕೆ.

ಸದಸ್ಯನಾಗಲು ಒಂದು ಫಾರ್ಮ್ ತುಂಬಬೇಕಿತ್ತು. ಫಾರ್ಮ್ ತುಂಬುವುದರಲ್ಲಿ ನನ್ನನ್ನು ಮೀರಿಸುವವರು ಜಿಲ್ಲೆಯಲ್ಲಿ ಇಲ್ಲ. ಹದಿನಾರು ವರ್ಷ ಪರೀಕ್ಷಾ ಫಾರ್ಮ್ ಪರಿಶೀಲಿಸಿದ ಕೈ ಇದು. ಯಾವ ಅಂಕಣವನ್ನೂ ಖಾಲಿ ಬಿಡಬಾರದು ಎಂದು ಬೈದು ಬೈದು ಎಷ್ಟು ಹುಡುಗರ ಕಣ್ಣಲ್ಲಿ ನೀರು ತರಿಸಿದ್ದೇನೋ! ಹಾಗಾಗಿ ಈ ಫಾರ್ಮನ್ನೂ ಶ್ರದ್ಧೆಯಿಂದ ತುಂಬಿದೆ. ಕಣ್ಣಿನ ಬಣ್ಣ, ಮೈಕಟ್ಟು, ಇಷ್ಟದ ಅಡುಗೆ ಎಲ್ಲ ಬರೆದೆ. ನೀವು ಇಲ್ಲಿಗೆ ಬಂದದ್ದು ಯಾತಕ್ಕಾಗಿ ಎಂಬಲ್ಲಿ ಐದಾರು ಚೌಕಗಳಿದ್ದವು. ಸ್ನೇಹಕ್ಕಾಗಿ. ಟಿಕ್. ವ್ಯಾಪಾರದ ಪರಿಚಯಕ್ಕಾಗಿ. ಟಿಕ್. ಡೇಟಿಂಗ್‌ಗಾಗಿ, ಹೆಂಗಸರ ಜೊತೆ. ಟಿಕ್. ಡೇಟಿಂಗ್‌ಗಾಗಿ, ಗಂಡಸರ ಜೊತೆ. ಅದೊಂದನ್ನೇ ಖಾಲಿ ಬಿಟ್ಟರೆ ಅರ್ಜಿ ತಿರಸ್ಕೃತವಾದೀತು ಎಂದು ಅದಕ್ಕೂ ಟಿಕ್.

ಫೋಟೋಕ್ಕೆ ನನ್ನ ಹತ್ತಿರ ಇದ್ದದ್ದು ಮದುವೆಯ ಫೋಟೋ ಒಂದೇ. ಭಾಯಿ ಅದನ್ನು ಸ್ಕ್ಯಾನ್ ಮಾಡಿ ಸುಮಿತ್ರಾಳನ್ನು ಕತ್ತರಿಸಿ ತೆಗೆದರು. ಆದರೂ ನನ್ನ ತೋಳಿನ ಮೇಲೆ ಬಳೆ ತೊಟ್ಟ ಒಂದು ಕೈ ಉಳಿಯಿತು. ಆ ಕೈ ಯಾರದು ಎಂದು ಮುಂದೆ ಹಲವರು ಕೇಳಿದರು.

ಆಮೇಲೆ ದಿನಾ ಸಂಜೆ ಸೈಬರಿಗೆ ಹೋಗಿ ಒಬ್ಬೊಬ್ಬ ವಿದ್ಯಾರ್ಥಿಗೂ ಪತ್ರ ಬರೆಯತೊಡಗಿದೆ. ಕರ್ಕಿಯ ಗಣೇಶ ನಮ್ಮಲ್ಲೇ ಪಿಯುಸಿ ಮುಗಿಸಿದವನು. ಅವನಿಗೆ ಹೀಗೆ ಬರೆದೆ: "ಚಿ. ಗಣೇಶನಿಗೆ ಆಶೀರ್ವಾದಗಳು. ಇತ್ತ ಕ್ಷೇಮ. ನಿನ್ನ ತಂದೆಯವರ ಮೂಲವ್ಯಾಧಿ ಈಗ ಹೇಗಿದೆ? ಖಾರ ಕಡಿಮೆ ಮಾಡಲು ಹೇಳು. ನೀನು ಬಿ.ಎ. ಸೇರಿ ಇತಿಹಾಸ ತೆಗೆದುಕೊಳ್ಳಬೇಕೆಂದು ನನ್ನ ಆಸೆ." ಇಂಥ ಪತ್ರವನ್ನು ಯಾವ ವಾಣಿಜ್ಯದವನು ಬರೆದಾನು? ಆತ್ಮೀಯತೆ ಅಂದರೆ ಇದು ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಈ ಪತ್ರಗಳು ಖಾಸಗಿ ಎಂದು ನಾನು ತಿಳಿದಿದ್ದೆ. ಅಲ್ಲಿ ಬರೆದದ್ದೆಲ್ಲ ಗೋಡೆಗೆ ಅಂಟಿಸಿದ ಹಾಗೆ, ಬಂದು ಹೋಗುವವರೆಲ್ಲ ಓದಬಹುದು ಎಂದು ಯಾರೂ ನನಗೆ ಹೇಳಿರಲಿಲ್ಲ. ಕುಮಟೆಯಿಂದ ಭಟ್ಕಳದವರೆಗೆ ಕಂಪ್ಯೂಟರ್ ಮುಟ್ಟಿದ ಎಲ್ಲರಿಗೂ ಗಣೇಶನ ತಂದೆಯ ಮೂಲವ್ಯಾಧಿ ತಿಳಿಯಿತು.

ನನ್ನ ಡೇಟಿಂಗ್ ಕೂಡ ತಿಳಿಯಿತು. ಅದು ನಮ್ಮ ಮನೆಗೆ ಪಕ್ಕದ ಮನೆಯ ಮೂಲಕ ಬಂತು. ಪಕ್ಕದ ಮನೆಯ ಶಾಲಿನಿಬಾಯಿ ಕೊಂಕಣಿಯವರು. ಅವರ ಮಗಳು ದೀಪಾ ಅದೇ ವರ್ಷ ಪಿಯುಸಿ ಮುಗಿಸಿದ್ದಳು. ಎರಡು ಮನೆಗಳ ನಡುವೆ ಒಂದು ಕರಿಬೇವಿನ ಗಿಡ, ಅಷ್ಟೇ. ನಾನು ಕಾಲೇಜಿನಿಂದ ಬರುವಾಗ ಸುಮಿತ್ರಾ ಬಾಗಿಲಲ್ಲೇ ನಿಂತಿದ್ದಳು.

"ನೀವು ಹೆಂಗಸ್ರನ್ನೂ ಹುಡುಕ್ತಾ ಇದ್ದೀರಂತೆ, ಗಂಡಸ್ರನ್ನೂ ಹುಡುಕ್ತಾ ಇದ್ದೀರಂತೆ. ದೀಪಾ ನೋಡಿ ಅವಳ ಅಮ್ಮಂಗೆ ಹೇಳ್ದಳಂತೆ."

"ಅದು ಫಾರ್ಮು ಮಾರಾಯ್ತಿ. ಅಂಕಣ ಖಾಲಿ ಬಿಡಬಾರ್ದು ಅಂತ..."

"ಅದು ಹೋಗ್ಲಿ. ನಿಮ್ಮನ್ನು ನಾನು ಬಲ್ಲೆ. ನಿಮಗೆ ಅಷ್ಟೆಲ್ಲ ಆಗುದಿಲ್ಲ." ಇಲ್ಲಿ ಅವಳು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿದಳು. "ವ್ಯಾಪಾರಕ್ಕೂ ಜನ ಬೇಕು ಅಂತ ಬರ್ದೀರಂತೆ. ನಿಮ್ಮತ್ರ ಮಾರುಕೆ ಎಂತ ಅದೆ?"

ಹೆಂಡತಿಗೆ ನನ್ನ ಮೇಲೆ ಅನುಮಾನ ಬಂದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ.

ಮರುದಿನವೇ ಓಡಿಹೋಗಿ ಟಿಕ್ಕುಗಳನ್ನು ತೆಗೆಸಿದೆ. ಅಷ್ಟರಲ್ಲಿ ಇನ್ನೊಂದು ಬಾವಿ ತೋಡಿಕೊಂಡಿದ್ದೆ. ಪ್ರಿನ್ಸಿಪಾಲರೂ ಗುಟ್ಟಾಗಿ ಆ ತಾಣದಲ್ಲಿ ಇದ್ದಾರೆ ಎಂದು ನನಗೆ ಗೊತ್ತಾಗಿತ್ತು. ಅವರು ಹಾಕಿದ್ದು ತಲೆ ತುಂಬ ಕೂದಲಿದ್ದ ಕಾಲದ ಫೋಟೋ. ಆ ಕೂದಲು ನೋಡುವ ಸಂತೋಷಕ್ಕೆ ನಾನು ದಿನಾ ಒಮ್ಮೆ ಅವರ ಪುಟಕ್ಕೆ ಹೋಗಿ ಬರುತ್ತಿದ್ದೆ. ಯಾರು ಯಾರು ಬಂದು ಇಣುಕಿ ಹೋದರು ಎಂದು ಆ ತಾಣ ಯಜಮಾನರಿಗೆ ಚಾಡಿ ಹೇಳುತ್ತದೆ ಎಂಬುದು ನನಗೆ ಹೇಗೆ ಗೊತ್ತಾಗಬೇಕು? ವರಾಂಡದಲ್ಲಿ ಎದುರಾದ ಪ್ರಿನ್ಸಿಪಾಲರು ತಣ್ಣಗೆ ಕೇಳಿದರು, "ಏನು ನಾಯ್ಕರೇ, ದಿನಾ ಬಂದು ಮಾತಾಡದೆ ಹೋಗ್ತೀರಲ್ಲ. ನಾನು ಕಾಣ್ಲಿಕ್ಕೆ ಅಷ್ಟು ಚೆಂದ ಇದ್ದೇನಾ?"

ನಾನು "ಹೌದು ಸರ್" ಎಂದೆ. ಬೇರೆ ಏನು ಹೇಳಬಹುದಿತ್ತು ಎಂದು ಇವತ್ತಿಗೂ ಹೊಳೆದಿಲ್ಲ.

ಇಷ್ಟಾದರೂ ನಾನು ಧೃತಿಗೆಡಲಿಲ್ಲ. ಧೃತಿಗೆಡಬೇಕಿತ್ತು. ಭಾಯಿಯ ಸಹಾಯದಿಂದ "ಇತಿಹಾಸ ಬಳಗ" ಎಂಬ ಗುಂಪು ಕಟ್ಟಿದೆ. ಎರಡು ವಾರದಲ್ಲಿ ಹೊನ್ನಾವರ, ಕುಮಟೆ, ಭಟ್ಕಳ ಮೂರೂ ತಾಲೂಕಿನಿಂದ ನೂರ ಹನ್ನೆರಡು ಹುಡುಗ ಹುಡುಗಿಯರು ಸೇರಿದರು. ನೂರ ಹನ್ನೆರಡು! ನಾನು ಸ್ಟಾಫ್ ರೂಮಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂರಲು ಶುರು ಮಾಡಿದೆ. ಹೊಟ್ಟೆ ಅಡ್ಡ ಬರುತ್ತಿತ್ತು, ಆದರೂ ಹಾಕಿದೆ.

ಕೊನೆಗೆ ಬ್ರಹ್ಮಾಸ್ತ್ರ ತೆಗೆದೆ. ಮೇ ತಿಂಗಳ ಕೊನೆಯ ಭಾನುವಾರ ಮಿರ್ಜಾನ ಕೋಟೆಗೆ ಪ್ರವಾಸ. ಬಸ್ಸು ನನ್ನದು, ಊಟ ನನ್ನದು. ಕೋಟೆಯ ಬುರುಜಿನ ಮೇಲೆ ನಿಂತು, ಮೆಣಸು ಮಾರಿ ರಾಜ್ಯ ಆಳಿದ ರಾಣಿಯ ಕಥೆ ಹೇಳಿದರೆ ಇಪ್ಪತ್ತೇನು, ನಲವತ್ತು ಮಂದಿ ಇತಿಹಾಸಕ್ಕೆ ಹೆಸರು ಬರೆಸುತ್ತಾರೆ ಎಂದು ನನ್ನ ಲೆಕ್ಕ. ಬಳಗದಲ್ಲಿ ಕರೆ ಹಾಕಿದೆ. ಉತ್ತರಗಳು ಸಾಲಾಗಿ ಬಂದವು. "ಬತ್ತೆ ಸರ್." "ಖಂಡಿತ ಬತ್ತೆ ಸರ್." "ನಾನೂ ಬತ್ತೆ ಸರ್." ಅರವತ್ತನಾಲ್ಕು ಮಂದಿ! ಬಸ್ಸಿನಲ್ಲಿ ಐವತ್ತೇ ಸೀಟು. "ಹದಿನಾಲ್ಕು ಮಂದಿ ನಿಂತು ಪ್ರಯಾಣಿಸಬೇಕಾಗಿ ಬರುವುದು, ಇದಕ್ಕಾಗಿ ವಿಷಾದಿಸುತ್ತೇನೆ" ಎಂದು ಮುಂಗಡವಾಗಿ ಕ್ಷಮೆ ಕೇಳಿಬಿಟ್ಟೆ.

"ಅರವತ್ತನಾಲ್ಕು ಮಂದಿಯೂ ಬತ್ರಾ?" ಎಂದು ಸುಮಿತ್ರಾ ಕೇಳಿದಳು.

"ಬರಹದಲ್ಲಿ ಕೊಟ್ಟಿದ್ದಾರೆ. ಲಿಖಿತ ದಾಖಲೆ."

ಅವಳು ಎಪ್ಪತ್ತು ಪೊಟ್ಟಣ ಚಿತ್ರಾನ್ನ ಕಟ್ಟಿದಳು. ಬಾಳೆಲೆ ಬಾಡಿಸಿ, ಒಂದೊಂದಕ್ಕೂ ಒಂದು ತುಂಡು ಉಪ್ಪಿನಕಾಯಿ ಇಟ್ಟು, ದಾರ ಸುತ್ತಿದಳು. ದೊಡ್ಡ ಕ್ಯಾನಿನಲ್ಲಿ ಕೋಕಂ ಶರಬತ್ತು ಮಾಡಿದಳು. ಪರವಾಗಿಲ್ಲ, ನಾನು ಮೇಲ್ವಿಚಾರಣೆ ಮಾಡಿದೆ.

ಭಾನುವಾರ ಬೆಳಿಗ್ಗೆ ಏಳೂವರೆಗೆ ಹೊನ್ನಾವರ ಬಸ್‌ಸ್ಟ್ಯಾಂಡಿನ ಹೊರಗೆ ಬಸ್ಸು ನಿಂತಿತ್ತು. ನಾನು ಹಾಜರಿ ಪಟ್ಟಿ ಹಿಡಿದು ಮೆಟ್ಟಿಲಲ್ಲಿ ನಿಂತೆ. ನೂಕುನುಗ್ಗಲು ಆಗದಂತೆ ನೋಡಿಕೊಳ್ಳಲು ಡ್ರೈವರಿಗೂ ಹೇಳಿದ್ದೆ. ಎಂಟಾಯಿತು. ನೂಕಲೂ ಇಲ್ಲ, ನುಗ್ಗಲೂ ಇಲ್ಲ. ಎಂಟೂಕಾಲಾಯಿತು. ಡ್ರೈವರು ಇಳಿದು ಬಂದು ಬಸ್ಸಿನ ಬಾಗಿಲಿನತ್ತ ಒಮ್ಮೆ, ನನ್ನತ್ತ ಒಮ್ಮೆ ನೋಡಿದ. "ಸರ್, ನಿಂತು ಹೋಗುವ ಹದಿನಾಲ್ಕು ಮಂದಿ ಮೊದ್ಲು ಬತ್ರೋ, ಕೂತು ಹೋಗುವವ್ರು ಮೊದ್ಲು ಬತ್ರೋ?"

ಎಂಟೂವರೆಗೆ ಭಟ್ಕಳದ ಬಸ್ಸಿನಿಂದ ಇಸ್ಮಾಯಿಲ್ ಭಾಯಿ ಇಳಿದರು. ಜೊತೆಗೆ ಒಬ್ಬಳು ಹುಡುಗಿ. "ನಮ್ಮ ಅಕ್ಕನ ಮಗಳು ನಜ್ಮಾ, ಸರ್. ಈ ಸಲ ಪಿಯುಸಿ ಪಾಸು."

"ಬಳಗದಲ್ಲಿ ಕರೆ ನೋಡಿ ಬಂದಳಾ?" ಎಂದು ಆಸೆಯಿಂದ ಕೇಳಿದೆ.

"ಇಲ್ಲ ಸರ್. ಅವಳಿಗೆ ಕಂಪ್ಯೂಟರ್ ಗೊತ್ತಿಲ್ಲ. ನಾನೇ ಮೊನ್ನೆ ಮನೆಗೆ ಹೋಗಿ ಅಕ್ಕನತ್ರ ಕೂತು ಹೇಳಿ ಬಂದೆ. ಸರ್ ಒಳ್ಳೆಯವರು, ಸ್ವಂತ ಖರ್ಚಲ್ಲಿ ಊಟ ಹಾಕಿ ಕೋಟೆ ತೋರಿಸ್ತಾರೆ ಅಂತ. ಅಕ್ಕ ಕಳಿಸಿದರು."

ನಾನು ಇದರಲ್ಲಿ ಏನೂ ವಿಶೇಷ ಕಾಣದೆ ಮತ್ತೆ ರಸ್ತೆ ನೋಡತೊಡಗಿದೆ. ಪೊಟ್ಟಣಗಳ ಜೊತೆ ಬಸ್ಸಿನಲ್ಲಿ ಕೂತಿದ್ದ ಸುಮಿತ್ರಾ ಮಾತ್ರ ಕಿಟಕಿಯಿಂದ ನನ್ನನ್ನು ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಮೊಬೈಲು ಕಸಿದುಕೊಂಡು ಪಕ್ಕದ ಮನೆಗೆ ಫೋನು ಹಚ್ಚಿದಳು. ದೀಪಾ ಕೂಡ ಬತ್ತೆ ಸರ್ ಎಂದು ಬರೆದವಳೇ. ಶಾಲಿನಿಬಾಯಿಯ ದನಿ ನನಗೂ ಕೇಳುತ್ತಿತ್ತು.

"ನಮ್ಮನ್ನು ಯಾರು ಕರೆದ್ರು ಸುಮಿತ್ರಾ? ಕಂಪ್ಯೂಟರಲ್ಲಿ ಹಾಕಿದ್ರಂತೆ. ಕಂಪ್ಯೂಟರಲ್ಲಿ ಕರೆದ್ರೆ ಮಗಳನ್ನು ಕಳಿಸುದು ಹೇಗೆ? ಬೆಳಿಗ್ಗೆ ನಿಮ್ಮನೆ ಒಗ್ಗರಣೆ ವಾಸನೆ ನಮ್ಮನೆವರೆಗೆ ಬಂತು. ಕರೆ ಮಾತ್ರ ಬರ್ಲಿಲ್ಲ."

ಪಕ್ಕದ ಮನೆಯ ಹುಡುಗಿಯನ್ನು ಕರೆಯಲು ನಾನು ಕರಿಬೇವಿನ ಗಿಡ ದಾಟುವುದು ಬಿಟ್ಟು ಬಜಾರಿನವರೆಗೆ ನಡೆದು ಹೋಗಿ, ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು, ಅಮೆರಿಕದಲ್ಲೆಲ್ಲೋ ಇರುವ ಯಂತ್ರಕ್ಕೆ ಹೇಳಿದ್ದೆ.

ಸುಮಿತ್ರಾ ಫೋನಿಟ್ಟಳು. ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ಬಹಳ ಮೆಲ್ಲಗೆ ಕೇಳಿದಳು.

"ಅಂಚೆಲಿ ಕಾಗದ ಬಂದದ್ದಕ್ಕೆ ನನ್ನ ತಮ್ಮನ ಮಗಳ ಮದುವೆಗೆ ನೀವು ಹೋಗ್ಲಿಲ್ಲ. ಅಂಚೆಯವನಾದ್ರೂ ಮನೆ ಬಾಗಿಲಿಗೆ ಬಂದಿದ್ದ. ನೀವು ಅದೂ ಮಾಡ್ಲಿಲ್ಲ. ಈ ಮಕ್ಕಳ ಅಪ್ಪ ಅಮ್ಮ ನಿಮಗಿಂತ ಕಮ್ಮಿಯವ್ರಾ?"

ಡ್ರೈವರು ಬೀಡಿ ಹಚ್ಚುವುದು ಬಿಟ್ಟು ಆಸಕ್ತಿಯಿಂದ ಕೇಳುತ್ತಿದ್ದ.

"ಈಗ ಎಂತ ಮಾಡುದು?" ಎಂದೆ.

"ಬಸ್ಸು ಅದೆ. ಎಪ್ಪತ್ತು ಪೊಟ್ಟಣ ಅದೆ. ಪಟ್ಟಿ ನಿಮ್ಮ ಕೈಯಲ್ಲಿ ಅದೆ. ಬಸ್ಸು ಹತ್ತಿ. ಮೊದಲು ನಮ್ಮನೆಗೆ ಹೋಗ್ವ, ನನ್ನ ಕುಂಕುಮದ ಬಟ್ಟಲು ತರ್ಬೇಕು."

ಹೀಗೆ ಜಗತ್ತಿನಲ್ಲಿ ಪ್ರಪ್ರಥಮ ಬಾರಿಗೆ ಐವತ್ತು ಸೀಟಿನ ಬಸ್ಸಿನಲ್ಲಿ ಮನೆ ಮನೆಗೆ ಕರೆಯಲು ಹೊರಟೆವು. ಮೊದಲು ಶಾಲಿನಿಬಾಯಿ. ಸುಮಿತ್ರಾ ಒಳಗೆ ಹೋಗಿ ಕುಂಕುಮ ಕೊಟ್ಟು, "ಮನೆಮಂದಿಯೆಲ್ಲ ಬರ್ಬೇಕು" ಎಂದಳು. ಐದು ನಿಮಿಷದಲ್ಲಿ ದೀಪಾ ಬಸ್ಸಿನಲ್ಲಿದ್ದಳು, ಶಾಲಿನಿಬಾಯಿಯೂ ಇದ್ದರು. ಮುಂದಿನ ನಿಲ್ದಾಣ ಕರ್ಕಿ, ಗಣೇಶನ ಮನೆ. ಜಗುಲಿಯಲ್ಲಿ ಗಣೇಶನ ತಂದೆ ನಿಂತೇ ಇದ್ದರು.

"ಬನ್ನಿ ಸರ್. ಮೂಲವ್ಯಾಧಿ ಈಗ ಗುಣ ಅದೆ. ಮೊನ್ನೆ ಭಟ್ಕಳ ಪೇಟೆಯಲ್ಲಿ ಗುರ್ತು ಇಲ್ಲದವ್ರೂ ಕೇಳಿದ್ರು. ಖಾರ ಕಮ್ಮಿ ಮಾಡಿ ಅಂದ್ರು."

ನಾನು ಬೆಲ್ಲ ನೀರಿನ ಲೋಟದೊಳಗೆ ಮುಖ ಇಟ್ಟುಕೊಂಡೆ. ಗಣೇಶ ಒಳಗಿನಿಂದ ಇಣುಕಿದ. "ನೀನು ಬತ್ತೆ ಅಂತ ಬರೆದವನಲ್ವೇನೋ?" ಎಂದು ಕೇಳಿದೆ.

"ನೀವು ದೊಡ್ಡವ್ರು ಸರ್. ಬರುದಿಲ್ಲ ಅಂತ ಬರೀಲಿಕ್ಕೆ ಆಗ್ತದಾ?"

ಅರವತ್ತನಾಲ್ಕು ಲಿಖಿತ ದಾಖಲೆಗಳ ಅರ್ಥ ನನಗೆ ಆಗ ಆಯಿತು. ಹಿರಿಯರು ಕರೆದರೆ ಇಲ್ಲ ಎನ್ನಬಾರದು ಎಂದು ಈ ಮಕ್ಕಳಿಗೆ ಕಲಿಸಿದ್ದಾರೆ. ಮನೆಗೆ ಬಂದು ಕರೆಯದಿದ್ದರೆ ಹೋಗಬಾರದು ಎಂದೂ ಕಲಿಸಿದ್ದಾರೆ. ಎರಡನ್ನೂ ಮಕ್ಕಳು ಚಾಚೂ ತಪ್ಪದೆ ಪಾಲಿಸಿದ್ದರು. ಕೈ ಕೊಟ್ಟ ಪಡ್ಡೆಗಳು ಎಂದು ಒಂದು ಗಂಟೆಯಿಂದ ಬೈದುಕೊಳ್ಳುತ್ತಿದ್ದ ನನಗೆ ನಾಚಿಕೆಯಾಯಿತು.

ಕರ್ಕಿ, ಹಳದೀಪುರ, ಕುಮಟೆ. ಸುಮಿತ್ರಾ ಇಳಿಯುವುದು, ಹತ್ತುವುದು. ಎಲ್ಲಿ ಹೋದರೂ ಅವಳಿಗೆ ಯಾರದೋ ನಾದಿನಿಯ ಯಾರೋ ಸಿಗುತ್ತಿದ್ದರು. ನನಗೆ ಬಾಯಿ ತೆರೆಯಬಾರದೆಂದು ಕಟ್ಟಪ್ಪಣೆ ಇತ್ತು. ನಾನು ಬಟ್ಟಲು ಹಿಡಿದು ಹಿಂದೆ ನಿಲ್ಲುತ್ತಿದ್ದೆ. ಮಧ್ಯಾಹ್ನ ಹನ್ನೆರಡೂವರೆಗೆ ಮಿರ್ಜಾನ ಮುಟ್ಟುವಾಗ ಬಸ್ಸಿನಲ್ಲಿ ಮೂವತ್ತೊಂದು ಹುಡುಗ ಹುಡುಗಿಯರು, ಏಳು ಮಂದಿ ತಾಯಂದಿರು, ಗಣೇಶನ ಅಜ್ಜಿ. ಮನೆಮಂದಿಯೆಲ್ಲ ಎಂದ ಮೇಲೆ ಅಜ್ಜಿಯನ್ನು ಬಿಟ್ಟು ಬರಲಾಗುತ್ತದೆಯೇ?

ಕೋಟೆಯಲ್ಲಿ ನಾನು ಬುರುಜು ಹತ್ತಿ ಭಾಷಣ ಶುರು ಮಾಡಿದೆ. ಎರಡು ನಿಮಿಷಕ್ಕೆ ಅಜ್ಜಿ ತಡೆದರು. "ಮೇಷ್ಟ್ರೇ, ರಾಣಿಗೆ ಊಟಕ್ಕೆ ಹಾಕ್ತಿದ್ದದ್ದು ಎಂತ?" ನನಗೆ ಗೊತ್ತಿರಲಿಲ್ಲ. ಬಾವಿಯ ಹತ್ತಿರ ಸುಮಿತ್ರಾ ಕೇಳಿದಳು, "ಇಷ್ಟು ಜನಕ್ಕೆ ಅಡುಗೆ ಮಾಡುವ ಪಾತ್ರೆ ಎಲ್ಲಿ ಇಡ್ತಿದ್ರು? ರಾಣಿ ಮೆಣಸು ಮಾರಿ ಬಂದ ಮೇಲೆ ಲೆಕ್ಕ ನೋಡುವವ್ರು ಯಾರು, ಹೆಂಗಸ್ರೋ ಗಂಡಸ್ರೋ?" ಹುಡುಗರು ನನ್ನನ್ನು ಬಿಟ್ಟು ಅವಳ ಸುತ್ತ ನೆರೆದರು. ಅವಳು ಕೇಳುವ ಒಂದೊಂದು ಪ್ರಶ್ನೆಗೂ ಅವರೇ ಗೋಡೆ, ಮೆಟ್ಟಿಲು, ಕಿಂಡಿ ನೋಡಿ ಉತ್ತರ ಹುಡುಕತೊಡಗಿದರು. ನಾನು ಬುರುಜಿನ ಮೇಲೆ ಒಬ್ಬನೇ ನಿಂತಿದ್ದೆ. ಹದಿನಾರು ವರ್ಷದಲ್ಲಿ ನನ್ನ ಕ್ಲಾಸು ಅಷ್ಟು ಚೆನ್ನಾಗಿ ನಡೆದದ್ದು ಅದೇ ಮೊದಲು.

ಬರುವಾಗ ಬಸ್ಸಿನಲ್ಲಿ ನಜ್ಮಾ ಅವಳನ್ನು ಕೇಳಿದಳು, "ಮೇಡಂ, ನೀವೂ ಕಾಲೇಜಲ್ಲಿ ಪಾಠ ಮಾಡ್ತೀರಾ?"

"ಇಲ್ಲ ಮಗಾ. ಪಿಯುಸಿಯಲ್ಲಿ ಇತಿಹಾಸದಲ್ಲಿ ಕಾಲೇಜಿಗೇ ನಾನು ಮೊದಲು. ಅಷ್ಟರಲ್ಲಿ ಇತಿಹಾಸದ ಮೇಷ್ಟ್ರ ಸಂಬಂಧ ಬಂತು. ಓದು ನಿಂತಿತು."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಕುಮಟೆ ದಾಟುವವರೆಗೂ ಕಿಟಕಿಯ ಹೊರಗೆ ನೋಡುತ್ತಾ ಕೂತೆ.

ಜೂನಿನಲ್ಲಿ ಪ್ರವೇಶ ಶುರುವಾಯಿತು. ಅರ್ಜಿಯಲ್ಲಿ "ಈ ವಿಷಯ ಆರಿಸಿಕೊಳ್ಳಲು ಕಾರಣ" ಎಂಬ ಅಂಕಣವಿತ್ತು. ಯಾವ ಅಂಕಣವನ್ನೂ ಖಾಲಿ ಬಿಡಬಾರದು ಎಂಬ ನನ್ನ ಪಾಠವೊಂದು ಮಾತ್ರ ಹುಡುಗರ ತಲೆಗೆ ಹೋಗಿತ್ತು. ಎಲ್ಲರೂ ಬರೆದಿದ್ದರು. "ಮೇಡಂ ಮನೆಗೆ ಬಂದು ಕರೆದರು." "ಮೇಡಂ ಕರೆದರು, ಅಜ್ಜಿ ಸೇರು ಎಂದರು." ಗಣೇಶ ಪ್ರಾಮಾಣಿಕವಾಗಿ "ಚಿತ್ರಾನ್ನ" ಎಂದಷ್ಟೇ ಬರೆದಿದ್ದ. ನನ್ನ ಹೆಸರು ಯಾವ ಅರ್ಜಿಯಲ್ಲೂ ಇರಲಿಲ್ಲ. ಕೊನೆಯ ದಿನದ ಹಿಂದಿನ ಸಂಜೆ ಎಣಿಸಿದಾಗ ಅರ್ಜಿಗಳು ಹತ್ತೊಂಬತ್ತು.

ಒಂದು ಕಮ್ಮಿ. ಒಂದೇ ಒಂದು! ಕಿವಿಯಲ್ಲಿ ಪಿ.ಟಿ. ಸೀಟಿ ಕೇಳಿಸತೊಡಗಿತು. ಮನೆಗೆ ಬಂದು ಪಟ್ಟಿ ಹಿಡಿದು ಕೂತೆ.

"ಎಲ್ಲ ಮನೆಗೂ ಹೋಗಿ ಆಯ್ತಲ್ಲ ಸುಮಿತ್ರಾ. ಯಾರೂ ಉಳೀಲಿಲ್ಲ."

"ಸಮಾ ನೋಡಿ. ಒಂದು ಮನೆ ಬಿಟ್ಟು ಹೋಗಿ ಅದೆ."

ಹಳದೀಪುರ ನೋಡಿದೆ, ಕರ್ಕಿ ನೋಡಿದೆ, ಕುಮಟೆಯವರೆಗೂ ಬೆರಳು ಓಡಿಸಿದೆ. ಅವಳು ಪಾತ್ರೆ ತೊಳೆಯುತ್ತಾ ಕಾಯುತ್ತಿದ್ದಳು. ನನ್ನ ತಲೆಗೆ ಹೋಗಲು ಹತ್ತು ನಿಮಿಷ ಬೇಕಾಯಿತು. ಮೆಲ್ಲಗೆ ಎದ್ದು ಅಡುಗೆಮನೆಯ ಬಾಗಿಲಿಗೆ ಹೋದೆ.

"ಹಾಗಾದ್ರೆ, ನೀನೇ ಸೇರ್ಬಹುದಲ್ಲ?"

"ಅಡುಗೆಮನೆ ಬಾಗಿಲಲ್ಲಿ ನಿಂತು ಕರೆದ್ರೆ ಯಾರು ಬತ್ತಾರೆ?"

ನಾನು ಒಳಗೆ ಹೋಗಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡೆ. ಹಿತ್ತಿಲಿನಿಂದ ಹೊರಬಿದ್ದು ರಸ್ತೆಗೆ ಹೋಗಿ, ಮುಂಬಾಗಿಲಿಗೆ ಬಂದು ಚಪ್ಪಲಿ ಬಿಟ್ಟೆ. ಶಾಲಿನಿಬಾಯಿ ಕರಿಬೇವು ಕೊಯ್ಯುವುದು ನಿಲ್ಲಿಸಿ ನೋಡಿದರು. ನನ್ನದೇ ಜಗುಲಿಯಲ್ಲಿ ಅತಿಥಿಯಂತೆ ಕೂತೆ. ಸುಮಿತ್ರಾ ಬೆಲ್ಲ ನೀರು ತಂದಿಟ್ಟಳು. ಕುಡಿದೆ. ಕುಂಕುಮದ ಬಟ್ಟಲು ಮುಂದೆ ಹಿಡಿದು ಹೇಳಿದೆ, "ನಾಳೆ ನಮ್ಮ ಕಾಲೇಜಿಗೆ ತಾವು ಬರಬೇಕು. ಮತ್ತೆ, ಕುಮಟೆ ಮದುವೆಗೆ ನಿನ್ನನ್ನು ಕಳಿಸದೆ ಇದ್ದದ್ದು ನನ್ನದೇ ತಪ್ಪು. ದೊಡ್ಡ ತಪ್ಪು."

ಅವಳು ಕುಂಕುಮ ಇಟ್ಟುಕೊಂಡಳು. ಖಾಲಿ ಲೋಟ ಎತ್ತಿಕೊಂಡಳು. ಆಮೇಲೆ, "ಬತ್ತೆ ಸರ್" ಎಂದಳು.

ಈ ಮಾತನ್ನು ಅರವತ್ತನಾಲ್ಕು ಸಲ ನಂಬಿದವನು ನಾನು. ರಾತ್ರಿ ನಿದ್ದೆ ಬರಲಿಲ್ಲ.

ಮರುದಿನ ಹಸಿರು ಸೀರೆ ಉಟ್ಟು ಸುಮಿತ್ರಾ ಕಾಲೇಜಿಗೆ ಬಂದಳು. ಪ್ರಿನ್ಸಿಪಾಲರ ಮೇಜಿನ ಮೇಲೆ ಅರ್ಜಿ ಇಟ್ಟು, ಒಂದು ಅಂಕಣವನ್ನೂ ಖಾಲಿ ಬಿಡದೆ ತುಂಬಿದಳು. ಅವಳು ಕಾರಣದ ಅಂಕಣಕ್ಕೆ ಬಂದಾಗ ನಾನು ಕತ್ತು ಚಾಚಿ ನೋಡಿದೆ. ಒಬ್ಬರಾದರೂ ನನ್ನ ಪಾಠದ ಬಗ್ಗೆ ಒಂದು ಒಳ್ಳೆಯ ಮಾತು ಬರೆಯುತ್ತಾರೆ ಎಂದು ಎದೆ ಸ್ವಲ್ಪ ಉಬ್ಬಿತ್ತು. ಅವಳು ದುಂಡಗಿನ ಅಕ್ಷರದಲ್ಲಿ ಬರೆದಳು: "ಗಂಡ ಇಂಟರ್ನೆಟ್ಟಿನಲ್ಲಿ ಹೆಂಗಸರನ್ನೂ ಗಂಡಸರನ್ನೂ ಹುಡುಕಿದ್ದುಂಟು. ಕಣ್ಣೆದುರು ಇಟ್ಟುಕೊಳ್ಳುವುದು ಒಳ್ಳೆಯದೆಂದು."

ಪ್ರಿನ್ಸಿಪಾಲರು ಕನ್ನಡಕ ಏರಿಸಿ ಎರಡು ಸಲ ಓದಿದರು. ನನ್ನನ್ನು ನೋಡಿದರು. ತಮ್ಮ ಬೋಳು ತಲೆಯನ್ನು ಒಮ್ಮೆ ಸವರಿಕೊಂಡರು. ಆಮೇಲೆ ಪಕ್ಕದಲ್ಲಿ ಹಸಿರು ಶಾಯಿಯಿಂದ "ಕಾರಣ ಸಮಂಜಸವಾಗಿದೆ" ಎಂದು ಬರೆದು ಸಹಿ ಹಾಕಿದರು.